ಕಿಟಕಿಯ ಕಡೆ ತಿರುಗಿದ ಮಕ್ಕಳು

ಎಂಟು ತಿಂಗಳ ನಂತರ ಶಿವಲೀಲಾ ಟೀಚರ್ ತಮ್ಮ ಶಾಲೆಗೆ ಬಂದಿದ್ದರು... ಪಾಠ ಮಾಡಲು ಅಲ್ಲ, ಸ್ವಯಂ ನಿವೃತ್ತಿಯ ಅರ್ಜಿ ಕೊಡಲು.

ಒಂದು ಕಾಲಕ್ಕೆ ಅವರ ಕಂಠ ಅಂದರೆ ಕಂಠ. ಅವರು ಮಗ್ಗಿ ಹೇಳಿಸಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಬಾಯಿಪಾಠ ಆಗುತ್ತದೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಗಂಟಲಿನ ಆಪರೇಷನ್ ಆಯಿತು... ಜೀವ ಉಳಿಯಿತು, ದನಿ ಹೋಯಿತು. ಈಗ ಇರುವುದು ಪಿಸುಮಾತು ಮಾತ್ರ.

ಮನೆಯಲ್ಲಿ ದಿನಾ ಹತ್ತು ಗಂಟೆಗೆ ಕಣ್ಣು ಗಡಿಯಾರದ ಮೇಲೆ ಹೋಗುತ್ತಿತ್ತು. "ಈಗ ಹಾಜರಿ ಕರೀತಿರಬೇಕು..." ಸೀಮೆಸುಣ್ಣದ ಪುಡಿ ಇಲ್ಲದ ಬೆರಳು ನೋಡಿಕೊಂಡು ಅತ್ತದ್ದೂ ಉಂಟು.

ಆದರೆ ದನಿಯೇ ಇಲ್ಲದ ಟೀಚರ್ ಮಕ್ಕಳಿಗೆ ಯಾಕೆ ಬೇಕು... ಹಾಗಂತ ತಾವೇ ತೀರ್ಮಾನ ಮಾಡಿಬಿಟ್ಟಿದ್ದರು.

ಹೆಡ್ ಮಾಸ್ತರರ ಕೋಣೆಗೆ ಹೋಗುವ ದಾರಿಯಲ್ಲೇ ಅವರ ಐದನೇ ತರಗತಿ. ಕಾಲು ತಾನಾಗಿ ನಿಂತಿತು. ಕಿಟಕಿಯ ಮರೆಯಿಂದ ಇಣುಕಿದರು.

ಅತಿಥಿ ಶಿಕ್ಷಕರು ಪಕ್ಕದ ತರಗತಿಗೆ ಹೋಗಿದ್ದರು. ಕ್ಲಾಸ್ ಲೀಡರ್ ನೀಲವ್ವ ಎಲ್ಲರಿಂದ ಪಾಠ ಓದಿಸುತ್ತಿದ್ದಳು. ಎದ್ದು ನಿಂತಿದ್ದವನು ಮೈಲಾರಿ... ತೊದಲುವ ಹುಡುಗ.

"ಸ್ವಾ... ಸ್ವಾತ..." ಮುಂದೆ ಹೋಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು.

ನೀಲವ್ವ ಬೈಯಲಿಲ್ಲ, ಹೇಳಿಯೂ ಕೊಡಲಿಲ್ಲ. ಪುಸ್ತಕ ಎದೆಗೆ ಅವುಚಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು.

ಟೀಚರ್ ಚಟ್ಟನೆ ಗೋಡೆಯ ಮರೆಗೆ ಸರಿದರು. ಮಗು ತಡವರಿಸಿದಾಗ ಹೀಗೆ ಮುಖ ತಿರುಗಿಸಿ ನಿಲ್ಲುವುದು ಅವರದೇ ಅಭ್ಯಾಸ...

ಅವರಿಗೂ ಅದು ಅಪ್ಪನಿಂದ ಬಂದದ್ದು. ಅಪ್ಪ ಟೇಲರ್. ಪುಟ್ಟ ಶಿವಲೀಲಾ ಸೂಜಿಗೆ ದಾರ ಪೋಣಿಸಲು ತಡಕಾಡುವಾಗ ಆತ ಬೀದಿಯ ಕಡೆ ತಿರುಗಿ ಕೂರುತ್ತಿದ್ದ. ಯಾರೂ ನೋಡದಿದ್ದರೆ ಕೈ ನಡುಗುವುದಿಲ್ಲ ಎಂದು ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ. ಟೀಚರ್ ಕೂಡ ಮಕ್ಕಳಿಗೆ ಹೇಳಿರಲಿಲ್ಲ.

ಅಪ್ಪ ಹೋಗಿ ಹತ್ತೊಂಬತ್ತು ವರ್ಷ. ಆ ತಿರುಗಿದ ಕತ್ತನ್ನು ಇನ್ನೊಮ್ಮೆ ನೋಡಬೇಕು ಎಂದು ಎಷ್ಟು ಸಲ ಹಂಬಲಿಸಿದ್ದರೋ...

ಅಷ್ಟರಲ್ಲಿ ನಕ್ಕವನೂ ತಿರುಗಿದ. ಒಬ್ಬೊಬ್ಬರಾಗಿ ಇಡೀ ಕ್ಲಾಸು ಕಿಟಕಿಯ ಕಡೆ ತಿರುಗಿತು.

ಮತ್ತೆ ಇಣುಕಿದ ಟೀಚರ್ ಕಿಟಕಿಯಲ್ಲಿ ಸಿಕ್ಕಿಬಿದ್ದರು.

ಮೂವತ್ತು ಬಾಯಿ ತೆರೆದವು. ನೀಲವ್ವ ತಟ್ಟನೆ ತುಟಿಯ ಮೇಲೆ ಬೆರಳಿಟ್ಟಳು... ಮೈಲಾರಿ ಇನ್ನೂ ಓದುತ್ತಿದ್ದ.

"ಸ್ವಾ...ತಂ...ತ್ರ್ಯ. ಸ್ವಾತಂತ್ರ್ಯ."

ಆಮೇಲೆಯೇ ಮಕ್ಕಳು ಹೊರಗೆ ಓಡಿಬಂದದ್ದು.

"ಅಕ್ಕೋರ, ಒಳಗ ಬರ್ರಿ," ಎಂದು ನೀಲವ್ವ ಕೈ ಹಿಡಿದಳು.

"ನನ್ನ ದನಿ ಹೋಗೇತವ್ವಾ... ಪಾಠ ಹೆಂಗ ಮಾಡ್ಲಿ?" ಪಿಸುಗುಟ್ಟುವಾಗ ಟೀಚರ್ ಕಣ್ಣು ತುಂಬಿತ್ತು.

ಉತ್ತರ ಕೊಟ್ಟವನು ಮೈಲಾರಿ.

"ನೀವು ಸು...ಸುಮ್ನ ನಮ್ಮ ಜೋಡಿ ಇರ್ರಿ ಅಕ್ಕೋರ. ನಿಮ್ಮನ್ನ ನೋ...ನೋಡಿ ಕಲೀತೇವಿ."

ಅವನು ಆ ಮಾತು ಮುಗಿಸುವವರೆಗೂ ಟೀಚರ್ ಮುಖ ತಿರುಗಿಸಿಯೇ ನಿಂತಿದ್ದರು... ಈ ಸಲ ಅಳು ಮುಚ್ಚಿಕೊಳ್ಳಲು ಕೂಡ.

ಅರ್ಜಿ ನಾಲ್ಕು ಮಡಿಕೆಯಾಗಿ ಬ್ಯಾಗಿನ ತಳ ಸೇರಿತು. ಆ ದಿನ ಮಧ್ಯಾಹ್ನದ ಹಾಜರಿಯನ್ನು ನೀಲವ್ವ ಕರೆದಳು. ಪಕ್ಕದಲ್ಲಿ ಟೀಚರ್ ಸೀಮೆಸುಣ್ಣ ಹಿಡಿದು ನಿಂತಿದ್ದರು.

*ಮಕ್ಕಳ ಕಿವಿ ನಾವು ಹೇಳುವ ಪಾಠವನ್ನು ಮರೆಯಬಹುದು... ಕಣ್ಣು ಕಲಿತದ್ದನ್ನು ಮರೆಯುವುದಿಲ್ಲ.*

ನೀವು ಏನೂ ಮಾತಾಡದೆ ಇರುವ ಹೊತ್ತಿನಲ್ಲಿ ನಿಮ್ಮ ಮನೆಯ ಮಗು ನಿಮ್ಮಿಂದ ಏನು ಕಲಿಯುತ್ತಿದೆ... ಯಾವತ್ತಾದರೂ ಯೋಚಿಸಿದ್ದೀರಾ?