ಆ ದೊಡ್ಡ ಗಂಟಲು

ತೀರಿಕೊಂಡವರ ಜೊತೆ ಮಾತಾಡಲು ಊರಿನವರೆಲ್ಲ ವಿಶೇಷ ಕನ್ನಡಕ ಹಾಕಿಕೊಂಡು ಅದರೊಳಗಿನ ಲೋಕಕ್ಕೆ ಹೋಗಿಬರುತ್ತಿದ್ದರು. ಗ್ರಂಥಪಾಲಕಿ ವಾರಿಜಾ ಹೋದದ್ದು ಮಾತ್ರ ಇವತ್ತೇ ಮೊದಲು.

"ಅಲ್ಲಿ ತುಟಿಗೆ ಬೆರಳಿಡಬೇಡಿ ಮೇಡಂ, ಎದುರಿಗಿರೋರ ದನಿ ಹೋಗಿಬಿಡುತ್ತೆ. ತೀರಿಕೊಂಡವರದಾದ್ರೆ ಮತ್ತೆ ಬರಲ್ಲ," ಎಂದು ಕನ್ನಡಕ ಕೊಟ್ಟ ಹುಡುಗಿ ಹೇಳಿದ್ದಳು.

ಕನ್ನಡಕ ಹಾಕಿಕೊಂಡ ವಾರಿಜಾ ಆ ಲೋಕದಲ್ಲಿ ಕಣ್ಣು ಬಿಟ್ಟದ್ದು ತನ್ನದೇ ವಾಚನಾಲಯದಲ್ಲಿ. ಹೋದ ವರ್ಷ ತೀರಿಕೊಂಡ ಗಂಡ ಬಾಗಿಲಲ್ಲೇ ನಿಂತು, ದಿನಾ ಸಂಜೆ ಕರೆದೊಯ್ಯಲು ಬಂದಾಗಿನಂತೆಯೇ, ದೊಡ್ಡ ಗಂಟಲಲ್ಲಿ ಕೂಗಿದ: "ವಾರೀ! ಇನ್ನೂ ಎಷ್ಟೊತ್ತೇ ಕಾಯೋದು!"

ಓದುಗರೆಲ್ಲ ತಲೆಯೆತ್ತಿದರು. ಅವಳ ಬೆರಳು ತಾನಾಗಿಯೇ ತುಟಿಗೆ ಹೋಯಿತು.

ತಪ್ಪಾಯಿತು ಎಂಬಂತೆ ಅವನು ನಕ್ಕ. ತುಟಿಗಳಾಡಿದವು, ದನಿ ಬರಲಿಲ್ಲ.

"ಅಯ್ಯೋ, ಕೂಗ್ರೀ! ಎಷ್ಟು ಬೇಕಾದ್ರೂ ಜೋರಾಗಿ ಕೂಗ್ರೀ!" ಎಂದು ಚೀರಿದಳು.

ಅವನು ಓದುಗರತ್ತ ನೋಡಿ, ಮೆಲ್ಲನೆ ತನ್ನ ತುಟಿಗೆ ಬೆರಳಿಟ್ಟ.