ಕಂಪೌಂಡ್ ಗೌಂಡಿ

ಇಬ್ಬರ ಎದೆಯ ಭಾರವನ್ನು ಒಂದೇ ಪುಟದಲ್ಲಿ ಇಳಿಸಲು ಹೊರಟಿದ್ದಕ್ಕೆ ಓದುಗರು ಕ್ಷಮಿಸಬೇಕು. ಹೇಳುವ ಹಕ್ಕು ಅವರದೇ. ಆದರೆ ಅವರು ಹೇಳುವ ಪೈಕಿ ಅಲ್ಲ.

ಕಮಲಾಪುರದ ಪೋಸ್ಟ್ ಮಾಸ್ತರ ಜಯತೀರ್ಥರ ಹಿತ್ತಲಲ್ಲಿ ಚಾಂದಪಾಶಾ ಚೀಲ ಇಳಿಸಿ ಕರಣಿ ಹೊರಗೆ ತೆಗೆಯುವಷ್ಟರಲ್ಲಿ ಮಾಸ್ತರರ ಅಕ್ಕ ಪಾರ್ವತೀಬಾಯಿ ಕೋಲು ಹಿಡಿದು ಬಂದರು. ಬೇವಿನ ಮರದ ಕೆಳಗೆ ಅವರು ಮಲಗುವ ಹೊರಸು ಇತ್ತು. ಅದರ ಸುತ್ತ ನೆಲದ ಮೇಲೆ ನಾಲ್ಕು ಗೆರೆ ಎಳೆದು, ಇಲ್ಲಿ ಕಟ್ಟು ಅಂದರು. ಕಲಬುರಗಿಯಿಂದ ಅವನನ್ನು ಕರೆಸಿದ್ದು ಹಿತ್ತಲಿಗೆ ಕಂಪೌಂಡ್ ಹಾಕಬೇಕೆಂದು ಹೇಳಿ.

"ಇದು ಖೋಲಿ ಆಗ್ತದ್ರಿ ಅಕ್ಕಾರ. ನಾ ಕಂಪೌಂಡ್ ಅಷ್ಟೇ ಕಟ್ಟಾಂವ."

"ಇದೂ ಕಂಪೌಂಡೇ. ಸಣ್ಣದು, ಅಷ್ಟೇ."

ಅವರು ನಗಲಿಲ್ಲ. ಗೋಡೆಯಷ್ಟೇ ಎಂದುಕೊಂಡು ಚಾಂದಪಾಶಾ ಗೆರೆಗಳ ಅಳತೆ ತೆಗೆದ. ನೆಹರು ಗಂಜಿನ ಮೂಲೆಯಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ನಿಲ್ಲುವ ಗೌಂಡಿಗಳೆಲ್ಲ ಅವನನ್ನು ಕಂಪೌಂಡ್ ಗೌಂಡಿ ಎಂದೇ ಚಾಷ್ಟಿ ಮಾಡುತ್ತಿದ್ದರು. ಕಿಲ್ಲಾರಿಯ ಕಡೆ ಭೂಮಿ ನಡುಗಿ ಎರಡು ವರ್ಷವಾಗಿತ್ತು. ಅಂದಿನಿಂದ ಅವನು ಗೋಡೆ, ಮೆಟ್ಟಿಲು, ನೀರಿನ ತೊಟ್ಟಿ ಇಷ್ಟನ್ನೇ ಕಟ್ಟುತ್ತಿದ್ದ. ಕೆಳಗೆ ಮನುಷ್ಯರು ಮಲಗುವಂಥ ಯಾವುದಕ್ಕೂ ಕೈ ಹಚ್ಚುತ್ತಿರಲಿಲ್ಲ. ತಾನೂ ಅಂಗಳದಲ್ಲೇ ಮಲಗುತ್ತಿದ್ದ. ನಿನ್ನ ಕಣ್ಣು ಮಲಗತಾವ, ಕಾಲು ಮಲಗೂದಿಲ್ಲ ಎಂದು ಹೆಂಡತಿ ಜಾಹೇದಾ ಅನ್ನುತ್ತಿದ್ದಳು.

ಪಾರ್ವತೀಬಾಯಿಯ ಗಂಡ, ಮಗಳು ಹೋದದ್ದೂ ಅದೇ ಭೂಕಂಪದಲ್ಲಿ. ಆ ದಿನ ಇವರು ತವರಿಗೆ ಬಂದಿದ್ದರು, ಉಳಿದರು. ಆಮೇಲೆ ತಮ್ಮನ ಮನೆಯೊಳಗೆ ಒಂದು ದಿನವೂ ಮಲಗಲಿಲ್ಲ. ಮಳೆ ಬಂದರೆ ಹೊರಸಿನ ಮೇಲೆ ತಾಡಪತ್ರಿ ಎಳೆದುಕೊಳ್ಳುತ್ತಿದ್ದರು. ತಲೆಯ ಮೇಲೆ ಮಾಳಿಗೆ ಹಾಕಲು ಅಂಜುವ ಗೌಂಡಿಯೊಬ್ಬ ಇದ್ದಾನೆಂದು ತಮ್ಮ ಸುಮ್ಮನೆ ಹೇಳಿದಾಗ, ಅವನನ್ನೇ ಕರಿ, ಅಂಜಲಾರದವರು ಕಟ್ಟಿದ್ದು ನೋಡೀನಿ ಅಂದಿದ್ದರಂತೆ.

ಒಂಬತ್ತು ದಿನಕ್ಕೆ ನಾಲ್ಕೂ ಗೋಡೆ ಎದ್ದವು, ಒಳಗೆ ಶಹಾಬಾದ ಕಲ್ಲಿನ ನೆಲವೂ ಆಯಿತು. ಒಂದೊಂದು ಸಾಲಿಗೂ ಅವನು ಎರಡೆರಡು ಸಲ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೇರ ನೋಡಿದ. ಹತ್ತನೆಯ ದಿನ ಕರಣಿ ತೊಳೆದು ಚೀಲಕ್ಕೆ ಹಾಕಿ, ಮೇಲಿನದಕ್ಕೆ ಬೇರೆ ಯಾರನ್ನಾದರೂ ಕರೆಯಿರಿ ಎಂದ. ಪಾರ್ವತೀಬಾಯಿ ಅವನ ಕೈಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟು ಎದುರಿಗೆ ಕೂತರು.

"ನಿನ್ನವರು ಯಾರು ಹೋದ್ರು?"

ಎರಡು ವರ್ಷದಲ್ಲಿ ಯಾರೂ ಹೀಗೆ ನೇರ ಕೇಳಿರಲಿಲ್ಲ. ತಂಗಿ ಲತೀಫಾ ಎಂದ. ಉಮರ್ಗಾದ ಆಚೆಗೆ ಕೊಟ್ಟಿದ್ದರು. ಅವಳದು ಮಣ್ಣಿನ ಮಾಳಿಗೆ, ಸೋರುತ್ತಿತ್ತು. ಪ್ರತಿ ವರ್ಷ ಮಳೆಗೆ ಮೊದಲು ಅವನು ಬಳೆ, ಸಕ್ಕರೆ ಕಟ್ಟಿಕೊಂಡು ಹೋಗಿ, ಮಾಳಿಗೆಯ ಮೇಲೆ ಹೊಸ ಮಣ್ಣಿನ ಪದರು ಹಾಕಿ, ಬಡಿದು ಗಟ್ಟಿ ಮಾಡಿ ಬರುತ್ತಿದ್ದ. ಅಣ್ಣ ಗೌಂಡಿ ಇರಬೇಕು ನೋಡು ಎಂದು ಓಣಿಯ ಹೆಂಗಸರು ಲತೀಫಾಳನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

"ಹನ್ನೆರಡು ವರ್ಷ ನಾನೇ ತಲಿ ಮ್ಯಾಲೆ ಹೊತ್ತು ಹಾಕೀನ್ರಿ. ಅದೇ ಮಣ್ಣ ಸರಸಿ ಆಕಿನ್ನ ಹುಡುಕಿದಾಂವನೂ ನಾನೇ."

ಗಂಡನ ಮನೆಯದೂ ಮಣ್ಣಿನ ಮಾಳಿಗೆಯೇ, ಮಗಳ ಹಾಸಿಗೆ ನೆನೆಯುತ್ತದೆಂದು ಪ್ರತಿ ವರ್ಷ ಗಂಡನ ಬೆನ್ನು ಬಿದ್ದು ಮಣ್ಣು ಹಾಕಿಸಿದವಳು ತಾನೇ ಎಂದರು ಪಾರ್ವತೀಬಾಯಿ.

"ತೊಯ್ಯಬಾರದಂತ ಹಾಕಿದ್ವಿ, ಚಾಂದಪಾಶಾ. ಅದೂ ಖರೇನೇ ಅದ. ಈಗ ತಗಡು ಹಾಕು. ಹಗುರ ಇರಲಿ."

ಮರುದಿನ ಅವನು ಕಪನೂರಿನಿಂದ ತಗಡು, ಕಬ್ಬಿಣದ ಆ್ಯಂಗಲ್ ಹೇರಿಸಿಕೊಂಡು ಬಂದ. ಮೊದಲ ನಟ್ಟನ್ನು ಮೂರು ಸಲ ಬಿಚ್ಚಿ ಬಿಗಿದ. ನಾಲ್ಕನೆಯದಕ್ಕೆ ಕೈಗೆ ಹಳೆಯ ಬಿಗಿ ಬಂತು. ಎಲ್ಲ ಮುಗಿಸಿ, ನಡುವಿನ ಆ್ಯಂಗಲಿಗೆ ಎರಡೂ ಕೈಯಿಂದ ಜೋತುಬಿದ್ದು, ಕಾಲು ಮಡಚಿ ಜೀಕಿ ನೋಡಿದ. ಅಲುಗಲಿಲ್ಲ. ಒಳಗೆ ಬನ್ನಿ ಎಂದರೆ ಪಾರ್ವತೀಬಾಯಿ ಹೊಸ್ತಿಲಾಚೆಯೇ ನಿಂತರು.

"ನೀ ಮೊದಲ ಮಲಗು. ಕಟ್ಟಿದವಗ ನಂಬಿಕಿ ಇಲ್ಲಂದ್ರ ನನಗ ಹ್ಯಾಂಗ ಬರ್ತದ?"

ಚಹಾ ಕುಡಿಯುವಷ್ಟು ಹೊತ್ತು ಮಲಗಿ ತೋರಿಸಿದರಾಯಿತೆಂದು, ಅವನು ಹೊರಸಿನ ಪಕ್ಕ ಶಹಾಬಾದ ಕಲ್ಲಿನ ನೆಲದ ಮೇಲೆ ಬೆನ್ನು ಹಚ್ಚಿದ. ನೆಲ ತಣ್ಣಗಿತ್ತು. ತಗಡಿನ ಏಣುಗಳನ್ನು ಎಣಿಸತೊಡಗಿದ. ಹನ್ನೊಂದರ ತನಕ ಎಣಿಸಿದ್ದು ನೆನಪು.

ಕಣ್ಣು ಬಿಟ್ಟಾಗ ಬಿಸಿಲು ಬಾಗಿಲಿನಿಂದ ಓರೆಯಾಗಿ ಒಳಗೆ ಬಂದಿತ್ತು. ಪಾರ್ವತೀಬಾಯಿ ಅವನು ಕಟ್ಟಿದ ಗೋಡೆಗೆ ಒರಗಿ ಕೂತು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಗೊರಕಿ ಭಾಳ ಹೊಡೀತಿಪಾ. ನಾಲ್ಕು ಸರ್ತಿ ಹೊರಗಿಂದ ಕೂಗಿದೆ. ಬಸ್ ತಪ್ತದ ಅಂತ ಎಬ್ಬಸಲಾಕ ಒಳಗ ಬಂದೆ."

"ಬಸ್ ಬಂತೇನ್ರಿ?"

"ಹೋತು."

ಬಿಸಿಲು ಇಳಿದು ಆರುತ್ತಿದ್ದ ತಗಡು ತಲೆಯ ಮೇಲೆ ಟಕ್ ಎಂದಿತು. ಬೇಳೆಯ ಮೇಲೆ ಆಡುತ್ತಿದ್ದ ಬೆರಳು ನಿಂತವು. ಇಬ್ಬರೂ ಮೇಲೆ ನೋಡಿದರು. ಇಬ್ಬರೂ ಏಳಲಿಲ್ಲ.

ಭೂಮಿ ಇನ್ನೊಮ್ಮೆ ನಡುಗಿದರೆ ಆ ಖೋಲಿ ತಡೆದೀತೇ? ಗೊತ್ತಿಲ್ಲ. ಕಟ್ಟಿದವನಿಗೂ ಗೊತ್ತಿಲ್ಲ.