ಹನ್ನೆರಡನೆಯ ಗುಂಡಿ

ಕಡಲ ತಡೆಗೋಡೆಯ ಬುಡದ ಗುಂಡಿ ಯಾರಿಗೆ ಎಂದು ಮೇಷ್ಟ್ರು ಕೇಳಿದಾಗ, ಕಾಲೇಜು ಶಿಬಿರದ ಕೆಲಸಕ್ಕೆ ಬಂದಿದ್ದ ಆ ಊರಿನ ಹೆಂಗಸು ತಲೆ ಎತ್ತಲಿಲ್ಲ. ಸಲಿಕೆಗಳನ್ನು ಒಂದೊಂದಾಗಿ ಮರಳ ಮೇಲೆ ಇಡುತ್ತ ಹೇಳಿದಳು:

"ಆ ಉದ್ದ ತೋಳಿನ ಅಂಗಿ ಹಾಕ್ಕೊಂಡಿದ್ದಾಳಲ್ಲ, ಅವಳಿಗೆ ಕೊಡಿ. ಗಟ್ಟಿಗಿತ್ತಿ ಥರ ಕಾಣ್ತಾಳೆ."

ಮೇಷ್ಟ್ರು ನಕ್ಕರು. "ಸರಿಯಾದವಳನ್ನೇ ಆರಿಸಿದ್ರಿ. ಈ ಗೋಡೆ ಕಟ್ಟಿಸಿದ ಕಂಟ್ರಾಕ್ಟರ್ ಮಗಳು ಅವಳು."

ಅದು ಅವಳಿಗೆ ನಿನ್ನೆಯೇ ಗೊತ್ತಾಗಿತ್ತು. ಬಸ್ಸಿಳಿದ ಮಕ್ಕಳಿಗೆ ನೀರು ಕೊಡುವಾಗ ಮಾತು ಕಿವಿಗೆ ಬಿದ್ದಿತ್ತು.

ಮೇಷ್ಟ್ರು ಹೊಸಬರು, ಅವರಿಗೇನು ತಿಳಿಯಬೇಕು? ಹೋದ ವರ್ಷವೂ ಇದೇ ಕಾಲೇಜು ಸೇವೆಯೆಂದು ಈ ಕಡಲ ದಂಡೆಗೆ ಬಂದಿತ್ತು. ಮಕ್ಕಳು ಕಸ ಹೆಕ್ಕುತ್ತಿದ್ದಾಗ ಗೋಡೆಯ ಒಂದು ತುದಿ ಕುಸಿಯಿತು. ಯಾರೋ ಒಬ್ಬ ವಿದ್ಯಾರ್ಥಿಯನ್ನು ಹೊರಗೆಳೆದ ಅವಳ ಮಗ ತಾನೇ ಕಲ್ಲಿನಡಿ ಸಿಕ್ಕಿಕೊಂಡ. ಅವಳಿಗಿದ್ದದ್ದು ಅವನೊಬ್ಬನೇ. ಅವನಿಂದ ಉಳಿದ ಜೀವ ಯಾರದೆಂದು ಕೇಳುವ ಮನಸ್ಸು ಅವಳಿಗೆ ಬರಲಿಲ್ಲ. ಬಂದು ಹೇಳುವ ಸೌಜನ್ಯವನ್ನು ಯಾರೂ ತೋರಲಿಲ್ಲ. ಬಂದದ್ದು ಕಂಟ್ರಾಕ್ಟರನ ಹೇಳಿಕೆಯೊಂದೇ. ಸತ್ತವನು ಗೋಡೆಗೆ ದೋಣಿ ಕಟ್ಟುತ್ತಿದ್ದನಂತೆ, ಹಗ್ಗದ ಜಗ್ಗಾಟಕ್ಕೆ ಕಲ್ಲು ಸಡಿಲಿತಂತೆ. ತನಿಖೆಗೆ ಬಂದವರು ಹೂಂಗುಟ್ಟಿ ಹೋದರು. ಮಗ ಪ್ರಾಣ ಕಳೆದುಕೊಂಡದ್ದಲ್ಲದೆ ಗೋಡೆ ಕೆಡವಿದವನೆಂಬ ಹೆಸರನ್ನೂ ಹೊತ್ತುಕೊಂಡ.

ನಿಜ ಅವಳಿಗೆ ಗೊತ್ತಿತ್ತು. ಆ ಗೋಡೆಗೆ ತಲೆಯ ಮೇಲೆ ಕಲ್ಲು ಹೊತ್ತವಳೇ ಅವಳು. ನಾಲ್ಕಡಿ ಪಾಯ ಇರಬೇಕಾದಲ್ಲಿ ಮರಳ ಮೇಲೆ ಒಂದೇ ವರಸೆ ಕಲ್ಲಿಟ್ಟು ಗೋಡೆ ಎಬ್ಬಿಸಿದ್ದನ್ನು ಕಣ್ಣಾರೆ ಕಂಡಿದ್ದಳು. ಸರ್ಕಾರಿ ಕಚೇರಿಗೆ ಹೋಗಿ ಹೇಳಿದಳು. ಕಲ್ಲು ಹೊರುವವಳ ಮಾತಿಗೆ ಕಿಮ್ಮತ್ತೆಲ್ಲಿ? ಗೋಡೆಯ ಬಳಿ ಊರಿನವರು ಅಗೆದರೆ ಕೇಸು ಹಾಕುವುದಾಗಿ ಬೋರ್ಡು ಮಾತ್ರ ನೆಟ್ಟರು.

ಹೀಗಿರುವಾಗ ಊರಿಗೆ ಕಾಲೇಜಿನಿಂದ ಕಾಗದ ಬಂತು. ಈ ಸಲ ಹನ್ನೆರಡು ಸಸಿ ನೆಡುತ್ತಾರೆ. ಹನ್ನೊಂದಕ್ಕೆ ಒಂದಡಿ ಗುಂಡಿ, ಗೋಡೆಗೆ ತಾಗಿದ ಹನ್ನೆರಡನೆಯದಕ್ಕೆ ಮಾತ್ರ ನಾಲ್ಕಡಿ. ಕಚೇರಿಯವರ ಒಪ್ಪಿಗೆಯ ಮೊಹರೂ ಇತ್ತು. ಓದಿ ಹೇಳಿದವನು ಬಿದ್ದು ಬಿದ್ದು ನಕ್ಕ. ಗೇಣುದ್ದದ ಸಸಿಗೆ ಎದೆಮಟ್ಟದ ಗುಂಡಿ. ಪುಸ್ತಕ ಓದಿದವರ ಬುದ್ಧಿಯೇ ಇಷ್ಟು ಎಂದ. ಅವಳು ನಗಲಿಲ್ಲ. ಹುಡುಕುವ ಬಳ್ಳಿ ತಾನಾಗಿ ಕಾಲಿಗೆ ತೊಡರಿತ್ತು. ಉಬ್ಬರದ ಹೊತ್ತಿಗೆ ಬುಡದಲ್ಲಿ ನಾಲ್ಕಡಿ ಅಗೆದರೆ ಆ ಗೋಡೆ ನಿಲ್ಲುವುದಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಮೊದಲು ಗೋಡೆ ಬಿದ್ದರೆ ಸಾಕೆಂದುಕೊಂಡಿದ್ದಳು. ಕಂಟ್ರಾಕ್ಟರನ ಮಗಳೇ ಬಂದಿದ್ದಾಳೆಂದು ತಿಳಿದ ಮೇಲೆ ಅಷ್ಟು ಸಾಲದಾಯಿತು. ಅವನೂ ಒಂದು ದಿನ ಕಲ್ಲು ಸರಿಸುತ್ತ ತನ್ನ ಕೂಸನ್ನು ಹುಡುಕಲಿ. ಮಾಡಿದ್ದುಣ್ಣೋ ಮಹರಾಯ.

ಹುಡುಗಿ ಎಡಗೈಯಿಂದ ಅಗೆಯುತ್ತಿದ್ದಳು. ಬಲಗೈ ಸಲಿಕೆಗೆ ಸುಮ್ಮನೆ ಆತುಕೊಂಡಿತ್ತು. ದುಡಿದು ಗೊತ್ತಿದ್ದರೆ ತಾನೆ, ಎಂದುಕೊಂಡಳು.

"ಕಷ್ಟ ಆಗ್ತಿದ್ಯಾ ಮಗಳೇ? ಬೇರೆ ಯಾರಿಗಾದ್ರೂ ಕೊಡ್ಲಾ?" ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಕತ್ತರಿ.

"ಬೇಡಮ್ಮ. ಇದು ನಾನೇ ಮಾಡ್ಬೇಕು. ಬೇರೆ ಯಾರನ್ನೂ ಈ ಕಡೆ ಬಿಡ್ಬೇಡಿ."

"ನಿಮ್ಮಪ್ಪ ನೋಡೋಕೆ ಬರಲ್ವಾ?"

"ನೋಡ್ತಾರೆ. ಇವತ್ತೇ ನೋಡ್ತಾರೆ."

ಎಷ್ಟು ಜಂಬ ಎನಿಸಿ ಮೈ ಉರಿಯಿತು.

ಮಧ್ಯಾಹ್ನ ಅವಳು ಉಳಿದ ಮಕ್ಕಳನ್ನೂ ಮೇಷ್ಟ್ರನ್ನೂ ಊಟಕ್ಕೆಂದು ದೂರದ ದೋಣಿ ಶೆಡ್ಡಿಗೆ ಕಳಿಸಿದಳು. ಬೇರೆಯವರ ಮಕ್ಕಳು ತನಗೇನು ಮಾಡಿದ್ದರು? "ನೀನು ಇದೊಂದು ಮುಗಿಸ್ಕೊಂಡು ಬಾ," ಎಂದು ಹುಡುಗಿಗೆ ಹೇಳಿ ಹತ್ತು ಹೆಜ್ಜೆ ಆಚೆ ನಿಂತಳು.

ನೀರು ಏರಿತು. ಗೋಡೆಯ ಆಚೆ ಅಲೆ ಬಡಿದಾಗಲೆಲ್ಲ ಈಚೆ ಬುಡದ ಮರಳು ಒದ್ದೆಯಾಗಿ ಜಿನುಗತೊಡಗಿತು. ಹುಡುಗಿ ಎದೆಮಟ್ಟ ಇಳಿದಿದ್ದಳು. ಸಲಿಕೆ ಬದಿಗಿಟ್ಟು, ಫೋನು ಹಿಡಿದು ಬಗ್ಗಿದ್ದಳು. ತಲೆಯ ಮೇಲೆ ಒಂದು ಕಲ್ಲು ಕರಕ್ಕೆಂದಿತು. ಅವಳು ಕೈ ಕಟ್ಟಿಕೊಂಡು ನಿಂತೇ ಇದ್ದಳು. ಬೀಳು, ಎಂದಳು ಗೋಡೆಗೆ. ಬೀಳು.

ಗೋಡೆ ಬಾಗಿತು.

ತನ್ನ ಕಾಲು ಓಡಿದ್ದು ಅವಳಿಗೆ ತಿಳಿದದ್ದು ಹುಡುಗಿಯ ಬಲಗೈ ತನ್ನ ಮುಷ್ಟಿಗೆ ಸಿಕ್ಕ ಮೇಲೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಇಬ್ಬರೂ ಮರಳ ಮೇಲೆ ಉರುಳಿದರು. ಹಿಂದೆಯೇ ಕಲ್ಲುಗಳು ಗುಂಡಿ ತುಂಬಿದವು.

ಅವಳು ತನ್ನ ಕೈಯನ್ನೇ ನೆಲಕ್ಕೆ ಬಡಿದುಕೊಂಡು ಅತ್ತಳು. ಮಗನಿಗೆ ಒದಗದ ಕೈ ವೈರಿಯ ಮಗಳಿಗೆ ಒದಗಿತಲ್ಲ. ಒಂದು ವರ್ಷದ ಹಗೆಯನ್ನು ತನ್ನ ಕೈಯಾರೆ ಹಾಳುಮಾಡಿಕೊಂಡೆನಲ್ಲ.

"ಅಳ್ಬೇಡಿ ಅಮ್ಮ. ನೀವ್ಯಾರು ಅಂತ ನಂಗೆ ಗೊತ್ತು." ಹುಡುಗಿ ಏದುಸಿರು ಬಿಡುತ್ತ ಫೋನನ್ನು ಮುಂದೆ ಹಿಡಿದಳು. "ಪಾಯ ಇಲ್ಲದ್ದು ವಿಡಿಯೋದಲ್ಲಿ ಪೂರ್ತಿ ಬಂದಿದೆ. ಗುಂಡಿಯಿಂದಲೇ ಪೇಪರಿನವರಿಗೆ ಕಳಿಸಿದೆ, ಕಚೇರಿಗೆ ಕಳಿಸಿದೆ, ಅಪ್ಪನಿಗೂ ಕಳಿಸಿದೆ. ಇನ್ಮೇಲೆ ಯಾರೂ ಗೋಡೆ ಕೆಡವಿದ್ದು ನಿಮ್ಮ ಮಗ ಅನ್ನೋ ಹಾಗಿಲ್ಲ. ನಾಲ್ಕಡಿ ಗುಂಡಿ ಅಂತ ಆ ಕಾಗದ ಬರೆದದ್ದೂ ನಾನೇ."

ಅವಳು ಮರಳಿನಿಂದ ಎದ್ದು ಕೂತು ಕೇಳಿದಳು. "ಹೆತ್ತಪ್ಪನ ಮೇಲೇ? ಯಾಕೆ?"

ಹರಿದ ತೋಳಿನೊಳಗೆ ಹುಡುಗಿಯ ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗಿತ್ತು. ಹೊಲಿಗೆಯ ಹಳೆಯ ಗುರುತು ಮುಂಗೈವರೆಗೂ ಹರಿದಿತ್ತು.

"ಹೋದ ವರ್ಷ ನಿಮ್ಮ ಮಗ ಹಿಡಿದು ಎಳೆದದ್ದೂ ಇದೇ ಕೈಯನ್ನ, ಅಮ್ಮ."